60 ಸೀಟು ಇದ್ದೂ ಒಬಾಮಾ ಆರೋಗ್ಯ ಕಾನೂನು ಯಾಕೆ ಅಷ್ಟು ಒದ್ದಾಡಿತು?

ಶಿವಮೊಗ್ಗ_ಟು_ಶಿಕಾಗೋ

ಎಲ್ಲರಿಗೂ ನಮಸ್ಕಾರ. ಅಮೆರಿಕದ ರಾಜಕೀಯ ಅರೆದು ಕುಡಿದವರು ಇಲ್ಲಿ ಕೆಲವರಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

2009ರಲ್ಲಿ ಒಬಾಮಾ ಅಧ್ಯಕ್ಷರಾದಾಗ ಸಂಸತ್ತಿನ ಎರಡೂ ಮನೆ, ಕೆಳಮನೆ ಹೌಸ್ ಮತ್ತು ಮೇಲ್ಮನೆ ಸೆನೆಟ್, ಡೆಮಾಕ್ರಟರ ಕೈಯಲ್ಲಿತ್ತು. ಸೆನೆಟ್‌ನಲ್ಲಿ ಅದೇ ವರ್ಷ 100ಕ್ಕೆ 60 ಆಯಿತು. ವಿಮೆ ಇಲ್ಲದವರು ದೇಶದಲ್ಲಿ 4 ಕೋಟಿಗೂ ಜಾಸ್ತಿ. ಜನ ಬದಲಾವಣೆ ಬೇಕು ಅಂತಲೇ ಓಟು ಹಾಕಿದ್ದರು. ಇಷ್ಟಿದ್ದೂ ಆರೋಗ್ಯ ಮಸೂದೆಗೆ ಸಹಿ ಬಿದ್ದಿದ್ದು 2010ರ ಮಾರ್ಚ್ 23ಕ್ಕೆ. ನಡುವೆ ಎಲ್ಲರೂ ಅದರ ತಿಥಿ ಮಾಡಿ ಮುಗಿಸಿದ್ದರು. ಕೊನೆಗೆ ಕೈಗೆ ಬಂದಿದ್ದರಲ್ಲೂ ಸರ್ಕಾರಿ ವಿಮೆಯ ಆಯ್ಕೆ ಇಲ್ಲ, ಔಷಧಿ ಬೆಲೆಗೆ ಕಡಿವಾಣ ಇಲ್ಲ.

ನಮ್ಮ ವಿಧಾನಸಭೆಯಲ್ಲಿ ಇಷ್ಟು ಬಹುಮತ ಇದ್ದರೆ ಮಧ್ಯಾಹ್ನದ ಊಟದೊಳಗೆ ಧ್ವನಿಮತದಲ್ಲಿ ಪಾಸು. ಅಲ್ಲಿ ಏನು ಅಡ್ಡ ಬಂತು? ಒಬಾಮಾ ಮೆತ್ತಗಾದರಾ? ವಿಮಾ ಕಂಪನಿಗಳ ದುಡ್ಡಾ? ತಿಳಿದವರು ಹೇಳಿ.

ಕೋಲಾರ_ವಕೀಲ

ಆ 60ನ್ನೇ ಮೊದಲು ಬಿಚ್ಚಿ ನೋಡೋಣ ಸರ್.

ಸೆನೆಟ್‌ನಲ್ಲಿ ಮಸೂದೆ ಪಾಸಾಗಲು 51 ಸಾಕು. ಆದರೆ ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಬೇಕಾದರೆ 60 ಬೇಕು. 41 ಜನ ಒಟ್ಟಾಗಿ ಒಲ್ಲೆ ಅಂದರೆ ಮಸೂದೆ ಅಲ್ಲೇ ಕೊಳೆಯುತ್ತದೆ. ಫಿಲಿಬಸ್ಟರ್ ಅಂದರೆ ಇದೇ.

ಆ 60 ಸೇರಿದ್ದಾದರೂ ಹೇಗೆ? ಪೆನ್ಸಿಲ್ವೇನಿಯಾದ ಆರ್ಲೆನ್ ಸ್ಪೆಕ್ಟರ್ 2009ರ ಏಪ್ರಿಲ್‌ನಲ್ಲಿ ರಿಪಬ್ಲಿಕನ್ ಪಕ್ಷ ಬಿಟ್ಟು ಬಂದರು. ಮಿನೆಸೋಟಾದ ಆಲ್ ಫ್ರಾಂಕನ್ ಗೆದ್ದಿದ್ದು 312 ಓಟಿನಿಂದ. ಮರುಎಣಿಕೆ, ಕೋರ್ಟು ಎಲ್ಲ ಮುಗಿದು ಪ್ರಮಾಣ ವಚನ ತೆಗೆದುಕೊಳ್ಳುವಾಗ ಜುಲೈ ಆಗಿತ್ತು. ಅಷ್ಟರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸೆನೆಟರ್ ಟೆಡ್ ಕೆನಡಿ ಮೆದುಳಿನ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದರು. ಆಗಸ್ಟ್ 25ಕ್ಕೆ ತೀರಿಕೊಂಡರು. ಅವರ ಜಾಗಕ್ಕೆ ಪಾಲ್ ಕರ್ಕ್ ಬಂದಿದ್ದು ಸೆಪ್ಟೆಂಬರ್ ಕೊನೆಗೆ. 2010ರ ಫೆಬ್ರವರಿ 4ಕ್ಕೆ ಆ ಸೀಟು ರಿಪಬ್ಲಿಕನ್ನರ ಪಾಲಾಯಿತು. ಹಾಗಾಗಿ ನಿಜವಾಗಿ 60 ಜನ ಎದ್ದು ನಿಲ್ಲುವ ಹಾಗಿದ್ದಿದ್ದು ನಾಲ್ಕು ತಿಂಗಳು ಚಿಲ್ಲರೆ, ಅಷ್ಟೇ.

ಇನ್ನೊಂದು ಮುಖ್ಯ ವಿಷಯ. ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ವಿಪ್ ಅಂತ ಒಬ್ಬರಿದ್ದಾರೆ, ಆದರೆ ಅವರ ಮಾತು ಕೇಳದಿದ್ದರೆ ಸದಸ್ಯತ್ವ ಹೋಗುವುದಿಲ್ಲ. ಮಸೂದೆ ಕಡೆಯದಾಗಿ ಹೌಸ್‌ನಲ್ಲಿ ಮತಕ್ಕೆ ಬಂದಾಗ 34 ಡೆಮಾಕ್ರಟರು ತಮ್ಮದೇ ಅಧ್ಯಕ್ಷರ ವಿರುದ್ಧ ಓಟು ಹಾಕಿದರು. ಯಾರನ್ನೂ ಅನರ್ಹ ಮಾಡಲಿಲ್ಲ.

ಕೊನೇ_ಬೆಂಚು

ರೆಸಾರ್ಟ್‌ಗೆ ಕರೆದುಕೊಂಡು ಹೋಗಲಿಲ್ಲವಾ? ಅದೇ ತಪ್ಪು ಮಾಡಿದ್ದು.

ಕೋಲಾರ_ವಕೀಲ

ಹ್ಹ ಹ್ಹ. ರೆಸಾರ್ಟ್ ಇರಲಿಲ್ಲ, ಬೇರೆ ಉಪಚಾರ ಇತ್ತು.

60 ಬೇಕು, ಇರುವುದು ಸರಿಯಾಗಿ 60. ಅಂದರೆ ಒಬ್ಬೊಬ್ಬ ಸೆನೆಟರ್ ಕೈಯಲ್ಲೂ ವೀಟೊ. ತಾಳಿ ಕಟ್ಟುವ ಹೊತ್ತಿಗೆ ಮುನಿಸಿಕೊಂಡು ಕೂತ ಬೀಗರ ಹಾಗೆ ಒಬ್ಬೊಬ್ಬರೂ ತಮ್ಮ ಬೇಡಿಕೆ ಇಟ್ಟರು. ನೆಬ್ರಾಸ್ಕಾದ ಬೆನ್ ನೆಲ್ಸನ್ ತಮ್ಮ ರಾಜ್ಯದ ಮೆಡಿಕೇಡ್ (ಬಡವರಿಗೆ ಸರ್ಕಾರ ಕೊಡುವ ವಿಮೆ) ವಿಸ್ತರಣೆಯ ಖರ್ಚನ್ನು ಕೇಂದ್ರವೇ ಶಾಶ್ವತವಾಗಿ ಹೊರುವ ಹಾಗೆ ಬರೆಸಿಕೊಂಡರು. ಉಳಿದ 49 ರಾಜ್ಯಕ್ಕೆ ಅದಿಲ್ಲ! ಊರೆಲ್ಲ ಉಗಿದ ಮೇಲೆ ಅದನ್ನು ಕಿತ್ತು ಹಾಕಿದರು. ಲೂಸಿಯಾನಾದ ಮೇರಿ ಲ್ಯಾಂಡ್ರೂ ಕೂಡ ತಮ್ಮ ರಾಜ್ಯಕ್ಕೆ ಕೋಟಿಗಟ್ಟಲೆ ಹೆಚ್ಚು ಮೆಡಿಕೇಡ್ ಹಣ ಹಾಕಿಸಿಕೊಂಡರು.

ಎಲ್ಲರಿಗಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಕನೆಕ್ಟಿಕಟ್‌ನ ಜೋ ಲೀಬರ್‌ಮನ್. 2000ದಲ್ಲಿ ಡೆಮಾಕ್ರಟರ ಉಪಾಧ್ಯಕ್ಷ ಅಭ್ಯರ್ಥಿ. 2006ರಲ್ಲಿ ಪಕ್ಷದ ಒಳಚುನಾವಣೆಯಲ್ಲಿ ಸೋತು ಪಕ್ಷೇತರರಾಗಿ ಗೆದ್ದವರು. 2008ರಲ್ಲಿ ಪ್ರಚಾರ ಮಾಡಿದ್ದು ಒಬಾಮಾ ಎದುರಾಳಿ ಮೆಕೇನ್ ಪರವಾಗಿ. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಅಂದರೆ ವಿಮಾ ಕಂಪನಿಗಳ ತವರು. ಸರ್ಕಾರಿ ವಿಮೆಯ ಆಯ್ಕೆ ಇದ್ದರೆ ನನ್ನ ಓಟಿಲ್ಲ ಅಂದರು. ಸರಿ, ಅದನ್ನು ತೆಗೆದರು. ಬದಲಿಗೆ 55 ದಾಟಿದವರು ದುಡ್ಡು ಕಟ್ಟಿ ಮೆಡಿಕೇರ್ (ಹಿರಿಯರಿಗೆ ಸರ್ಕಾರ ಕೊಡುವ ವಿಮೆ) ಸೇರಬಹುದು ಅಂತ ಇಟ್ಟರು. ಮೂರು ತಿಂಗಳ ಹಿಂದೆ ಇದೇ ಮನುಷ್ಯ ಅಂಥದ್ದೇ ಸಲಹೆಯನ್ನು ಹೊಗಳಿದ್ದರು. ಈಗ ಅದಕ್ಕೂ ಒಲ್ಲೆ ಅಂದರು. ಅದೂ ಹೋಯಿತು.

ನನ್ನ ಮಟ್ಟಿಗೆ ಇಡೀ ಕತೆ ಇಷ್ಟೇ. 60 ಇದ್ದಿದ್ದು ಬಲ ಅಲ್ಲ, ಅದೇ ಕೊರಳಿನ ಉರುಳು. ಮಸೂದೆ ಪಾಸಾಗಿದ್ದು 60 ಕೈತಪ್ಪಿದ ಮೇಲೆ.

ಗ್ರಂಥಾಲಯ_ಗಿರಿಜಾ

ವಕೀಲರೇ, ನೀವು 2009ರಿಂದ ಶುರು ಮಾಡಿದಿರಿ. ಒಬಾಮಾ ಕಡೆಯವರು ಯಾಕೆ ಹಾಗೆ ನಡೆದುಕೊಂಡರು ಅಂತ ತಿಳಿಯಬೇಕಾದರೆ ಇನ್ನೂ ಹಿಂದೆ ಹೋಗಬೇಕು. ಅವರ ಕಣ್ಣ ಮುಂದೆ ಹಳೇ ಸೋಲುಗಳ ಸಾಲೇ ಇತ್ತು.

1945ರ ನವೆಂಬರ್‌ನಲ್ಲಿ ಅಧ್ಯಕ್ಷ ಟ್ರೂಮನ್ ಎಲ್ಲರಿಗೂ ರಾಷ್ಟ್ರೀಯ ವಿಮೆ ಬೇಕು ಅಂತ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಬರೆದರು. ಎದುರು ನಿಂತವರು ಡಾಕ್ಟರುಗಳ ಸಂಘ, ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್. ಇದು ಸಮಾಜವಾದ, ಡಾಕ್ಟರು ಸರ್ಕಾರದ ಗುಮಾಸ್ತ ಆಗುತ್ತಾನೆ ಅಂತ ಪ್ರಚಾರ ಮಾಡಿದರು. ಅದಕ್ಕೆ ಬಾಡಿಗೆಗೆ ಕರೆಸಿಕೊಂಡಿದ್ದು ಕ್ಯಾಲಿಫೋರ್ನಿಯಾದ ವಿಟೇಕರ್ ಮತ್ತು ಬ್ಯಾಕ್ಸ್‌ಟರ್ ಅನ್ನುವ ಗಂಡ ಹೆಂಡತಿಯ ಪ್ರಚಾರ ಕಂಪನಿಯನ್ನು. ಶೀತಲ ಸಮರದ ಕಾಲ ಬೇರೆ. ಟ್ರೂಮನ್ ಸೋತರು.

1961ರಲ್ಲಿ ಹಿರಿಯರಿಗೆ ಮಾತ್ರ ವಿಮೆ ಕೊಡುವ ಮಾತು ಬಂದಾಗಲೂ ಅದೇ ಸಂಘ. ಆಗಿನ ಪ್ರಚಾರ ನನಗೆ ಬಹಳ ಮಜಾ ಅನಿಸುತ್ತದೆ. ನಟ ರೊನಾಲ್ಡ್ ರೀಗನ್ ಹತ್ತಿರ ಭಾಷಣ ಮಾಡಿಸಿ ಗ್ರಾಮಫೋನ್ ತಟ್ಟೆ ಮಾಡಿದರು. ಡಾಕ್ಟರುಗಳ ಹೆಂಡತಿಯರು ಅಕ್ಕಪಕ್ಕದ ಮನೆಯವರನ್ನು ಕಾಫಿಗೆ ಕರೆಯುವುದು, ಕಾಫಿ ಕುಡಿಯುತ್ತಾ ತಟ್ಟೆ ಕೇಳಿಸುವುದು, ಆಮೇಲೆ ಅಲ್ಲೇ ಕೂರಿಸಿ ಕಾಂಗ್ರೆಸ್ ಸದಸ್ಯರಿಗೆ ಕಾಗದ ಬರೆಸುವುದು. ವಾಟ್ಸಾಪ್ ಫಾರ್ವರ್ಡ್ ಈಗಿನದು ಅಂದುಕೊಂಡಿದ್ದೀರಾ?

ಆದರೂ 1965ರಲ್ಲಿ ಲಿಂಡನ್ ಜಾನ್ಸನ್ ಮೆಡಿಕೇರ್, ಮೆಡಿಕೇಡ್ ಎರಡನ್ನೂ ಪಾಸು ಮಾಡಿಸಿದರು. ಸಹಿ ಹಾಕಲು ಟ್ರೂಮನ್ ಅವರ ಊರು ಇಂಡಿಪೆಂಡೆನ್ಸ್‌ಗೇ ಹೋದರು. ಮೊದಲನೇ ಮೆಡಿಕೇರ್ ಕಾರ್ಡ್ ಕೊಟ್ಟಿದ್ದು ಟ್ರೂಮನ್ ಕೈಗೆ. ನಿಕ್ಸನ್ 1974ರಲ್ಲಿ ಒಂದು ಯೋಜನೆ ತಂದರು, ಅದು ವಾಟರ್‌ಗೇಟ್ ಗಲಾಟೆಯಲ್ಲಿ ಹೋಯಿತು.

ಆಮೇಲೆ ಕ್ಲಿಂಟನ್. 1993ರಲ್ಲಿ ಹಿಲರಿ ನೇತೃತ್ವದ ತಂಡ ಶ್ವೇತಭವನದಲ್ಲಿ ಕೂತು 1,342 ಪುಟದ ಮಸೂದೆ ಬರೆಯಿತು. ಕಾಂಗ್ರೆಸ್ಸಿನವರಿಗೆ ಇದು ನಮ್ಮ ಕೂಸು ಅಂತ ಅನಿಸಲೇ ಇಲ್ಲ. ವಿಮಾ ಕಂಪನಿಗಳ ಸಂಘ ಟಿವಿಯಲ್ಲಿ ಹ್ಯಾರಿ ಮತ್ತು ಲೂಯಿಸ್ ಅನ್ನುವ ದಂಪತಿಯನ್ನು ಅಡುಗೆಮನೆ ಮೇಜಿನ ಹತ್ತಿರ ಕೂರಿಸಿತು. ಬಿಲ್ಲುಗಳನ್ನು ಹರಡಿಕೊಂಡು ಅವರು ಆತಂಕದಿಂದ ಮಾತಾಡುತ್ತಾರೆ: ಸರ್ಕಾರ ಕೊಟ್ಟ ಪ್ಲಾನು ನಮಗೆ ಇಷ್ಟವಾಗದಿದ್ದರೆ? ಅಷ್ಟೇ. ಬೈಗುಳ ಇಲ್ಲ, ಕಿರುಚಾಟ ಇಲ್ಲ. 1994ರ ಸೆಪ್ಟೆಂಬರ್‌ನಲ್ಲಿ ಸೆನೆಟ್ ನಾಯಕ ಜಾರ್ಜ್ ಮಿಚೆಲ್ ಕೈಚೆಲ್ಲಿದರು. ಹೌಸ್, ಸೆನೆಟ್ ಯಾವುದರಲ್ಲೂ ಅದು ಪೂರ್ತಿ ಮತಕ್ಕೇ ಬರಲಿಲ್ಲ.

2009ರವರು ಇದನ್ನು ನೋಡಿ ಕಲಿತಿದ್ದು ಎರಡು. ಮಸೂದೆಯನ್ನು ಕಾಂಗ್ರೆಸ್ಸೇ ಬರೆಯಲಿ. ಮತ್ತೆ, ಜಾಹೀರಾತು ಕೊಡುವ ತಾಕತ್ತಿರುವವರನ್ನು ಮೊದಲೇ ಒಳಗೆ ಕರೆದುಕೊಳ್ಳೋಣ. 2009ರ ಜೂನ್‌ನಲ್ಲಿ ಔಷಧಿ ಕಂಪನಿಗಳ ಸಂಘ ಹತ್ತು ವರ್ಷದಲ್ಲಿ 8,000 ಕೋಟಿ ಡಾಲರ್ ಬಿಟ್ಟುಕೊಡಲು ಒಪ್ಪಿತು. ಬದಲಿಗೆ ಮೆಡಿಕೇರ್ ಔಷಧಿ ಬೆಲೆ ಚೌಕಾಸಿ ಮಾಡುವ ಮಾತು ಎತ್ತಬಾರದು. ಜುಲೈನಲ್ಲಿ ಆಸ್ಪತ್ರೆಗಳು 15,500 ಕೋಟಿ ಡಾಲರ್‌ಗೆ ಒಪ್ಪಿದವು. ಅದೇ ಹ್ಯಾರಿ, ಲೂಯಿಸ್ ಪಾತ್ರದ ನಟ ನಟಿ 2009ರಲ್ಲಿ ಮತ್ತೆ ಟಿವಿಗೆ ಬಂದರು, ಈ ಸಲ ಸುಧಾರಣೆ ಪರವಾಗಿ. ಆ ಜಾಹೀರಾತಿಗೆ ದುಡ್ಡು ಹಾಕಿದವರಲ್ಲಿ ಔಷಧಿ ಕಂಪನಿಗಳ ಸಂಘವೂ ಇತ್ತು!

ಔಷಧಿ ಬೆಲೆಗೆ ಕಡಿವಾಣ ಯಾಕಿಲ್ಲ ಅಂತ ಕೇಳಿದಿರಲ್ಲ ಶಿವಮೊಗ್ಗದವರೇ, ಕಾರಣ ಇದು. ಮೆಡಿಕೇರ್‌ಗೆ ಚೌಕಾಸಿ ಮಾಡುವ ಹಕ್ಕು ಸಿಕ್ಕಿದ್ದು 2022ರಲ್ಲಿ, ಬೈಡನ್ ಕಾಲಕ್ಕೆ. ಅದೂ ಕೆಲವೇ ಔಷಧಿಗಳಿಗೆ.

ಮಿಶಿಗನ್_ಡಾಕ್ಟ್ರು

ಗಿರಿಜಾ ಮೇಡಂ ಹೇಳಿದ ಡಾಕ್ಟರುಗಳ ಸಂಘದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದೇ ಸಂಘ 2009ರಲ್ಲಿ ಮಸೂದೆಗೆ ಬೆಂಬಲ ಕೊಟ್ಟಿತು. ಅರವತ್ತು ವರ್ಷದಲ್ಲಿ ಅಷ್ಟು ಬದಲಾವಣೆ. ನಮ್ಮಲ್ಲಿ 2017ರಲ್ಲಿ ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿ ಖಾಸಗಿ ಆಸ್ಪತ್ರೆಗಳ ಕಾಯ್ದೆ ತಿದ್ದುಪಡಿ ತಂದಾಗ ಏನಾಯ್ತು ನೆನಪಿದೆಯಲ್ಲ? ನವೆಂಬರ್‌ನಲ್ಲಿ ಖಾಸಗಿ ಆಸ್ಪತ್ರೆಗಳ ಓಪಿಡಿ ಬಂದ್, ಬೆಳಗಾವಿಯಲ್ಲಿ ಅಧಿವೇಶನ, ಹೊರಗೆ ಡಾಕ್ಟರುಗಳ ಧರಣಿ. ಕೊನೆಗೆ ಜೈಲು ಶಿಕ್ಷೆಯ ಕಲಂ ತೆಗೆದು ಪಾಸು ಮಾಡಿದರು.

ಆದರೆ ನಾನು ಹೇಳಬೇಕು ಅಂತಿದ್ದಿದ್ದು 2009ರ ಆಗಸ್ಟ್ ಬಗ್ಗೆ. ಕಾಂಗ್ರೆಸ್ಸಿಗೆ ರಜೆ, ಸದಸ್ಯರು ತಮ್ಮ ಕ್ಷೇತ್ರಗಳಲ್ಲಿ ಸಭೆ ಕರೆದಿದ್ದರು. ಸಭೆಗೆ ಬಂದವರು ಕೂಗಾಡಿ ಮಾತೇ ಆಡಲು ಬಿಡಲಿಲ್ಲ. ಸೌತ್ ಕ್ಯಾರೊಲೈನಾದ ಒಂದು ಸಭೆಯಲ್ಲಿ ಒಬ್ಬರು ಹಿರಿಯರು ನನ್ನ ಮೆಡಿಕೇರ್‌ಗೆ ಸರ್ಕಾರ ಕೈ ಹಾಕಬಾರದು ಅಂದರಂತೆ. ಮೆಡಿಕೇರ್ ಸರ್ಕಾರದ್ದೇ! ನಗಬೇಕೋ ಅಳಬೇಕೋ.

ಅದೇ ತಿಂಗಳು ಸಾರಾ ಪೇಲಿನ್ (2008ರಲ್ಲಿ ರಿಪಬ್ಲಿಕನ್ನರ ಉಪಾಧ್ಯಕ್ಷ ಅಭ್ಯರ್ಥಿ) ಫೇಸ್‌ಬುಕ್‌ನಲ್ಲಿ ಡೆತ್ ಪ್ಯಾನೆಲ್ ಅಂತ ಬರೆದರು. ಯಾರು ಬದುಕಬೇಕು, ಯಾರು ಸಾಯಬೇಕು ಅಂತ ಅಧಿಕಾರಿಗಳು ತೀರ್ಮಾನ ಮಾಡುತ್ತಾರೆ ಅನ್ನುವ ಅರ್ಥ ಬರುವ ಹಾಗೆ. ಆಗ ಎಲ್ಲರ ಬಾಯಲ್ಲಿ ಓಡಾಡಿದ್ದು ಹೌಸ್ ಮಸೂದೆಯ 1233ನೇ ಸೆಕ್ಷನ್. ಅದರಲ್ಲಿ ನಿಜವಾಗಿ ಇದ್ದಿದ್ದು ಇಷ್ಟು: ಕಡೆಗಾಲದಲ್ಲಿ ನಿಮಗೆ ಎಂಥ ಚಿಕಿತ್ಸೆ ಬೇಕು, ವೆಂಟಿಲೇಟರ್ ಬೇಕೋ ಬೇಡವೋ ಅಂತ ರೋಗಿ ತನ್ನ ಡಾಕ್ಟರ ಹತ್ತಿರ ಕೂತು ಮಾತಾಡಿದರೆ ಆ ಸಮಯಕ್ಕೆ ಮೆಡಿಕೇರ್ ಡಾಕ್ಟರಿಗೆ ಫೀಸು ಕೊಡುತ್ತದೆ. ಅದೂ ರೋಗಿಗೆ ಇಷ್ಟ ಇದ್ದರೆ ಮಾತ್ರ.

ನಾನು ಐಸಿಯುನಲ್ಲಿ ಕೆಲಸ ಮಾಡುವವನು. ಈ ಮಾತು ಮೊದಲೇ ಆಡದ ಮನೆಗಳಲ್ಲಿ ಏನಾಗುತ್ತದೆ ಅಂತ ಕಂಡಿದ್ದೇನೆ. ಅಪ್ಪನಿಗೆ ಪ್ರಜ್ಞೆ ಇರುವುದಿಲ್ಲ, ಹೊರಗೆ ಕಾರಿಡಾರ್‌ನಲ್ಲಿ ಅಣ್ಣ ತಮ್ಮಂದಿರು ಟ್ಯೂಬ್ ತೆಗೆಯಬೇಕೋ ಬೇಡವೋ ಅಂತ ಜಗಳ ಆಡುತ್ತಿರುತ್ತಾರೆ. ಡಾಕ್ಟರು ಅರ್ಧ ಗಂಟೆ ಕೂತು ಮಾತಾಡುವ ಫೀಸಿಗೆ ಕೊಲೆಗಡುಕ ಅನ್ನುವ ಹೆಸರು ಬಂತು. ಆ ಭಾಗ ಕಾನೂನಿನಿಂದ ಬಿದ್ದು ಹೋಯಿತು. 2016ರ ಜನವರಿಯಿಂದ ಮೆಡಿಕೇರ್ ಅದಕ್ಕೆ ಸದ್ದಿಲ್ಲದೆ ಫೀಸು ಕೊಡುತ್ತಿದೆ. ಆಗ ಯಾರೂ ಕೂಗಲಿಲ್ಲ.

ಬಾಸ್ಟನ್_ಭಾಗ್ಯ

ಕೆನಡಿ ಸೀಟಿನ ಕತೆ ನಾನು ಹೇಳುತ್ತೇನೆ, ನಮ್ಮ ಮ್ಯಾಸಚೂಸೆಟ್ಸ್ ರಾಜ್ಯದ್ದು.

ಮೊದಲು ಒಂದು ತಮಾಷೆ. 2004ರಲ್ಲಿ ನಮ್ಮ ಸೆನೆಟರ್ ಜಾನ್ ಕೆರಿ ಅಧ್ಯಕ್ಷರಾಗಬಹುದು ಅಂತ ಇತ್ತು. ಆದರೆ ಖಾಲಿಯಾಗುವ ಸೀಟಿಗೆ ಗವರ್ನರ್ ಆಗಿದ್ದ ರಿಪಬ್ಲಿಕನ್ ಮಿಟ್ ರಾಮ್ನಿ ತಮ್ಮವರನ್ನು ನೇಮಿಸಿಬಿಡುತ್ತಾರೆ ಅಂತ ಡೆಮಾಕ್ರಟರು ಗವರ್ನರ್ ಅಧಿಕಾರವನ್ನೇ ಕಿತ್ತುಕೊಂಡರು. ಉಪಚುನಾವಣೆ ಮಾತ್ರ ಅಂತ ಕಾನೂನು ಮಾಡಿದರು. 2009ರಲ್ಲಿ ಕೆನಡಿ ಸಾಯುವ ಮುಂಚೆ ತಾವೇ ಕಾಗದ ಬರೆದು, ದಯವಿಟ್ಟು ತಾತ್ಕಾಲಿಕ ನೇಮಕಕ್ಕೆ ಅವಕಾಶ ಕೊಡಿ ಅಂದರು. ಈಗ ಗವರ್ನರ್ ಡೆಮಾಕ್ರಟ್ ಅಲ್ವಾ, ಅದೇ ವಿಧಾನಸಭೆ ಕಾನೂನನ್ನು ಉಲ್ಟಾ ಮಾಡಿತು. ಪಾಲ್ ಕರ್ಕ್ ಬಂದಿದ್ದು ಹಾಗೆ. ರಾಜಕೀಯ ಎಲ್ಲಾ ಕಡೆ ಒಂದೇ.

ಎರಡನೇದು. ಒಬಾಮಾ ಕಾನೂನಿನ ಅಚ್ಚು ತಯಾರಾಗಿದ್ದೇ ನಮ್ಮಲ್ಲಿ. 2006ರ ಏಪ್ರಿಲ್‌ನಲ್ಲಿ ಫಾನ್ಯೂಲ್ ಹಾಲ್‌ನಲ್ಲಿ ರಾಜ್ಯದ ವಿಮೆ ಕಾನೂನಿಗೆ ರಾಮ್ನಿ ಸಹಿ ಹಾಕಿದರು, ಪಕ್ಕದಲ್ಲಿ ಟೆಡ್ ಕೆನಡಿ ನಿಂತಿದ್ದರು. ಎಲ್ಲರೂ ವಿಮೆ ತೆಗೆದುಕೊಳ್ಳಲೇಬೇಕು, ಬಡವರಿಗೆ ಸರ್ಕಾರದ ಸಹಾಯ, ಎಲ್ಲ ಪ್ಲಾನುಗಳು ಒಂದೇ ಕಡೆ ಸಿಗುವ ಮಾರುಕಟ್ಟೆ. ಎಲ್ಲರೂ ಕೊಳ್ಳಲೇಬೇಕು ಅನ್ನುವುದು ಮೊದಲು ಹೆರಿಟೇಜ್ ಫೌಂಡೇಶನ್ ಅನ್ನುವ ಬಲಪಂಥದ ಸಂಸ್ಥೆಯವರು 1989ರಲ್ಲಿ ಹೇಳಿದ್ದು. ಅದೇ ಅಂಶ ಒಬಾಮಾ ಬರೆದಾಗ ಸಂವಿಧಾನ ವಿರೋಧಿ ಆಗಿಬಿಟ್ಟಿತು! ಇವತ್ತಿಗೂ ಪ್ರತಿ ವರ್ಷ ಜನವರಿಯಲ್ಲಿ ನಮಗೆ 1099-ಎಚ್‌ಸಿ ಅಂತ ಒಂದು ಫಾರಂ ಬರುತ್ತದೆ. ವಿಮೆ ಇತ್ತು ಅಂತ ಪುರಾವೆ. ರಾಜ್ಯದ ತೆರಿಗೆ ತುಂಬುವಾಗ ಅದು ಬೇಕು.

ಈಗ ಚುನಾವಣೆಗೆ ಬನ್ನಿ. 2010ರ ಜನವರಿ 19. ಡೆಮಾಕ್ರಟರ ಮಾರ್ಥಾ ಕೋಕ್ಲಿ ಗೆದ್ದೇ ಗೆಲ್ಲುತ್ತಾರೆ ಅಂತ ಮನೆಯಲ್ಲಿ ಕೂತಂತಿದ್ದರು. ಚಳಿಯಲ್ಲಿ ಫೆನ್‌ವೇ ಪಾರ್ಕ್ ಅನ್ನುವ ಬೇಸ್‌ಬಾಲ್ ಮೈದಾನದ ಮುಂದೆ ನಿಂತು ಕೈ ಕುಲುಕಬೇಕಾ ಅನ್ನುವ ಧಾಟಿಯಲ್ಲಿ ಮಾತಾಡಿದರು. ಆ ಕಡೆ ರಿಪಬ್ಲಿಕನ್ ಅಭ್ಯರ್ಥಿ ಸ್ಕಾಟ್ ಬ್ರೌನ್ ಹಳೇ ಪಿಕಪ್ ಟ್ರಕ್ಕಿನಲ್ಲಿ ಊರೂರು ತಿರುಗುತ್ತಿದ್ದರು. ನಾನು 41ನೇ ಓಟು ಆಗುತ್ತೇನೆ ಅಂತ ಬಾಯಿ ಬಿಟ್ಟೇ ಹೇಳಿದರು. ಚರ್ಚೆಯಲ್ಲಿ ಕೆನಡಿ ಸೀಟು ಅನ್ನುವ ಮಾತು ಬಂದಾಗ, ಇದು ಕೆನಡಿಗಳ ಸೀಟಲ್ಲ, ಜನರ ಸೀಟು ಅಂದರು. ಅಲ್ಲಿಗೆ ಮುಗಿಯಿತು.

ಸುಮ್ನೆ ಕೋಕ್ಲಿ ಒಬ್ಬರ ಮೇಲೆ ಹಾಕಬಾರದು. ನಮ್ಮಲ್ಲಿ ಆಗಲೇ ಬಹುತೇಕ ಎಲ್ಲರಿಗೂ ವಿಮೆ ಇತ್ತು. ಬೇರೆ ರಾಜ್ಯದವರಿಗೆ ನಾವು ಯಾಕೆ ತೆರಿಗೆ ಕಟ್ಟಬೇಕು ಅಂತ ಬ್ರೌನ್ ಕೇಳಿದ್ದು ತುಂಬಾ ಜನಕ್ಕೆ ನಾಟಿತು. ನಮ್ಮ ಪಕ್ಕದ ಮನೆಯವರೂ ಅದನ್ನೇ ಹೇಳುತ್ತಿದ್ದರು, ಅವರು ಹುಟ್ಟಾ ಡೆಮಾಕ್ರಟ್.

ಶಿವಮೊಗ್ಗ_ಟು_ಶಿಕಾಗೋ

ಭಾಗ್ಯ ಅಕ್ಕ, ಸಖತ್. ಹಾಗಾದರೆ 59 ಇಟ್ಟುಕೊಂಡು ಪಾಸು ಮಾಡಿದ್ದು ಹೇಗೆ? ವಕೀಲರು 60 ಹೋದ ಮೇಲೆ ಪಾಸಾಯಿತು ಅಂದು ಎದ್ದು ಹೋದರು.

ಕೋಲಾರ_ವಕೀಲ

ಕೋರ್ಟು ಇತ್ತು ಮಾರಾಯ್ರೇ.

ಮೊದಲು ಆಗಲೇ ಏನು ಪಾಸಾಗಿತ್ತು ನೋಡಿ. ಹೌಸ್ ತನ್ನ ಮಸೂದೆಯನ್ನು 2009ರ ನವೆಂಬರ್ 7ಕ್ಕೆ 220-215ರಲ್ಲಿ ಪಾಸು ಮಾಡಿತ್ತು. ಸೆನೆಟ್ ತನ್ನದನ್ನು ಡಿಸೆಂಬರ್ 24ರ ಬೆಳಿಗ್ಗೆ 7 ಗಂಟೆಗೆ, 60-39ರಲ್ಲಿ. ಅದಕ್ಕೆ ಮೂರು ದಿನ ಮುಂಚೆ, ವಾಷಿಂಗ್ಟನ್ ಪೂರ್ತಿ ಹಿಮದಲ್ಲಿ ಮುಳುಗಿರುವಾಗ, ರಾತ್ರಿ 1 ಗಂಟೆಗೆ ಚರ್ಚೆ ನಿಲ್ಲಿಸುವ ಒಂದು ಮತ. 92 ವರ್ಷದ ರಾಬರ್ಟ್ ಬರ್ಡ್ ಅವರನ್ನು ಗಾಲಿಕುರ್ಚಿಯಲ್ಲಿ ತಂದರು. ಅವರೊಬ್ಬರು ಬರದಿದ್ದರೆ 59. ಕ್ರಿಸ್‌ಮಸ್ ಹಿಂದಿನ ದಿನದ ಮತದಲ್ಲಿ ಬರ್ಡ್ ಇದು ನನ್ನ ಗೆಳೆಯ ಟೆಡ್ ಕೆನಡಿಗಾಗಿ ಅಂತ ಕೂಗಿ ಓಟು ಹಾಕಿದರು. ಸೆನೆಟ್ ನಾಯಕ ಹ್ಯಾರಿ ರೀಡ್ ಎಷ್ಟು ಸುಸ್ತಾಗಿದ್ದರು ಅಂದರೆ, ವರ್ಷಪೂರ್ತಿ ಹೆಣಗಾಡಿ ತಂದ ಮಸೂದೆಗೆ ಮೊದಲು ಇಲ್ಲ ಅಂದುಬಿಟ್ಟರು! ಎಲ್ಲರೂ ನಕ್ಕ ಮೇಲೆ ಸರಿ ಮಾಡಿಕೊಂಡರು.

ಅವರು ಪಾಸು ಮಾಡಿದ ಮಸೂದೆಯ ನಂಬರು ಎಚ್‌ಆರ್ 3590. ಅದು ಮೂಲದಲ್ಲಿ ಸೈನಿಕರು ಮನೆ ಕೊಳ್ಳಲು ತೆರಿಗೆ ರಿಯಾಯಿತಿ ಕೊಡುವ ಹೌಸ್ ಮಸೂದೆ. ತೆರಿಗೆ ವಿಷಯ ಹೌಸ್‌ನಲ್ಲೇ ಹುಟ್ಟಬೇಕು ಅಂತ ಅವರ ಸಂವಿಧಾನದಲ್ಲಿದೆ. ಅದಕ್ಕೆ ಸೆನೆಟ್ ಆ ಮಸೂದೆಯ ಹೊಟ್ಟೆ ಖಾಲಿ ಮಾಡಿ ಆರೋಗ್ಯ ಕಾನೂನು ತುಂಬಿತು. ನಂಬರು ಮಾತ್ರ ಹಳೇದು.

ಮಾಮೂಲಿಯಾಗಿ ಎರಡು ಮನೆಯವರು ಕೂತು ಎರಡು ಮಸೂದೆ ಸೇರಿಸಿ ಒಂದು ಮಾಡುತ್ತಾರೆ. ಅದು ಮತ್ತೆ ಸೆನೆಟ್‌ಗೆ ಹೋಗಬೇಕು, ಮತ್ತೆ 60 ಬೇಕು. ಬ್ರೌನ್ ಗೆದ್ದ ಮೇಲೆ ಆ ದಾರಿ ಬಂದ್. ಉಳಿದಿದ್ದು ಒಂದೇ ದಾರಿ. ಸೆನೆಟ್ ಮಸೂದೆಯನ್ನು ಒಂದಕ್ಷರ ಬದಲಿಸದೆ ಹೌಸ್ ಒಪ್ಪಬೇಕು. ಆಮೇಲೆ ದುಡ್ಡಿಗೆ ಸಂಬಂಧಿಸಿದ ತಿದ್ದುಪಡಿಗಳನ್ನು ರೀಕನ್ಸಿಲಿಯೇಷನ್ ಅನ್ನುವ ಬಜೆಟ್ ವಿಧಾನದಲ್ಲಿ ತರಬೇಕು. ಅದಕ್ಕೆ 51 ಸಾಕು.

ಅಧ್ಯಕ್ಷರ ಸಿಬ್ಬಂದಿ ಮುಖ್ಯಸ್ಥ ರಾಮ್ ಇಮ್ಯಾನುಯೆಲ್ ಚಿಕ್ಕ ಮಸೂದೆ ಸಾಕು ಅನ್ನುವ ಪೈಕಿ. ಹೌಸ್ ಸ್ಪೀಕರ್ ನ್ಯಾನ್ಸಿ ಪೆಲೋಸಿ ಬಿಲ್‌ಕುಲ್ ಒಪ್ಪಲಿಲ್ಲ. ಗೇಟು ಮುಚ್ಚಿದ್ದರೆ ಬೇಲಿ ಹಾರುತ್ತೇವೆ, ಬೇಲಿ ಎತ್ತರ ಆದರೆ ಕೋಲು ಊರಿ ನೆಗೆಯುತ್ತೇವೆ, ಅದೂ ಆಗದಿದ್ದರೆ ಪ್ಯಾರಾಚೂಟ್‌ನಲ್ಲಿ ಇಳಿಯುತ್ತೇವೆ ಅಂತ ಪತ್ರಕರ್ತರಿಗೆ ಹೇಳಿದರು. ಹೆಂಗಸು ಅಂದರೆ ಅದು! ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಆ್ಯಂಥೆಮ್ ಬ್ಲೂ ಕ್ರಾಸ್ ಅನ್ನುವ ವಿಮಾ ಕಂಪನಿ ಕೆಲವರ ಕಂತು 39% ತನಕ ಏರಿಸುವುದಾಗಿ ಹೇಳಿ ಇವರ ಕೈಗೆ ಅಸ್ತ್ರ ಕೊಟ್ಟಿತು. ಒಬಾಮಾ ಹೋದಲ್ಲೆಲ್ಲ ಅದನ್ನೇ ಎತ್ತಿ ಆಡಿದರು.

ಆಮೇಲೆ ಒಬ್ಬೊಬ್ಬರದೇ ಮನವೊಲಿಕೆ. ಓಹಾಯೋದ ಡೆನಿಸ್ ಕುಸಿನಿಚ್ ಎಡದವರು, ಇದು ವಿಮಾ ಕಂಪನಿಗಳಿಗೆ ಕೊಟ್ಟ ಉಡುಗೊರೆ ಅಂತ ವಿರೋಧಿಸಿದ್ದವರು. ಅಧ್ಯಕ್ಷರು ತಮ್ಮ ವಿಮಾನದಲ್ಲಿ ಕರೆದುಕೊಂಡು ಹೋದ ಮೇಲೆ ಒಪ್ಪಿದರು. ಮಿಶಿಗನ್‌ನ ಬಾರ್ಟ್ ಸ್ಟುಪಾಕ್‌ಗೆ ಗರ್ಭಪಾತಕ್ಕೆ ಸರ್ಕಾರದ ಹಣ ಹೋಗಬಾರದು ಅನ್ನುವ ಪಟ್ಟು. ಅದು ಬಜೆಟ್ ವಿಷಯ ಅಲ್ಲ, ರೀಕನ್ಸಿಲಿಯೇಷನ್‌ನಲ್ಲಿ ತರುವ ಹಾಗಿಲ್ಲ. ಅದಕ್ಕೆ ಒಬಾಮಾ ಬೇರೆಯೇ ಆದೇಶ ಹೊರಡಿಸುತ್ತೇನೆ ಅಂತ ಮಾತು ಕೊಟ್ಟರು. ಮಾರ್ಚ್ 21, ಭಾನುವಾರ ರಾತ್ರಿ, 219-212. ಒಬ್ಬ ರಿಪಬ್ಲಿಕನ್ನನೂ ಇಲ್ಲ.

ಅದಕ್ಕೇ ಹೇಳಿದ್ದು. 60 ಇರುವ ತನಕ ಎಲ್ಲರಿಗೂ ಇನ್ನೂ ಒಳ್ಳೇದು ಬರೆಯಬಹುದು ಅನ್ನುವ ಆಸೆ, ಎಲ್ಲರಿಗೂ ಇನ್ನೂ ಸ್ವಲ್ಪ ಕೇಳೋಣ ಅನ್ನುವ ಸಲುಗೆ. 60 ಹೋದ ಮೇಲೆ ಇದು, ಇಲ್ಲದಿದ್ದರೆ ಏನೂ ಇಲ್ಲ.

ಮಿಶಿಗನ್_ಡಾಕ್ಟ್ರು

ಅವತ್ತು ಪೆಲೋಸಿ ಕೈಯಲ್ಲಿದ್ದ ಸ್ಪೀಕರ್ ಸುತ್ತಿಗೆ ನಮ್ಮ ಮಿಶಿಗನ್‌ನ ಹೌಸ್ ಸದಸ್ಯ ಜಾನ್ ಡಿಂಗೆಲ್ ಅವರದ್ದು. 1965ರಲ್ಲಿ ಮೆಡಿಕೇರ್ ಪಾಸಾದಾಗ ಪೀಠದಲ್ಲಿ ಕೂತು ಅವರು ಬಳಸಿದ್ದು ಅದೇ. ಅವರ ಅಪ್ಪ 1943ರಲ್ಲೇ ರಾಷ್ಟ್ರೀಯ ವಿಮೆಯ ಮಸೂದೆ ಮಂಡಿಸಿದ್ದವರು. ಅಪ್ಪ ಹೋದ ಮೇಲೆ ಮಗ ಪ್ರತಿ ಹೊಸ ಕಾಂಗ್ರೆಸ್ ಶುರುವಾದಾಗಲೂ ಅದನ್ನು ಮಂಡಿಸುತ್ತಾ ಬಂದರು.

ಟೆಕ್ಸಾಸ್_ತಮ್ಮಯ್ಯ

ಎಲ್ಲರೂ ಆರತಿ ಎತ್ತುತ್ತಿದ್ದೀರಿ, ನಾನು ಸ್ವಲ್ಪ ಖಾರ ಹಾಕುತ್ತೇನೆ.

ನಿಮ್ಮ ಪ್ಲಾನ್ ಇಷ್ಟ ಇದ್ದರೆ ಅದನ್ನೇ ಇಟ್ಟುಕೊಳ್ಳಿ ಅಂತ ಒಬಾಮಾ ಎಷ್ಟು ಸಲ ಹೇಳಿದರು? 2013ರಲ್ಲಿ ಲಕ್ಷಾಂತರ ಜನಕ್ಕೆ ಪ್ಲಾನ್ ರದ್ದಾಗಿದೆ ಅಂತ ಕಾಗದ ಬಂತು. ನವೆಂಬರ್‌ನಲ್ಲಿ ಟಿವಿಯಲ್ಲಿ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಅಕ್ಟೋಬರ್ 1ಕ್ಕೆ ವಿಮೆ ಕೊಳ್ಳುವ ವೆಬ್‌ಸೈಟ್ ಶುರು ಮಾಡಿದರು, ಮೊದಲ ದಿನ ಇಡೀ ದೇಶದಲ್ಲಿ ಸೇರಿಕೊಳ್ಳಲು ಆಗಿದ್ದು 6 ಜನಕ್ಕೆ! ನಮ್ಮ ಬೆಂಗಳೂರಿನ ಹುಡುಗರಿಗೆ ಕೊಟ್ಟಿದ್ದರೆ ಚೆನ್ನಾಗಿ ಮಾಡುತ್ತಿದ್ದರು. ಪೆಲೋಸಿ ಏನಂದರು? ಮಸೂದೆಯಲ್ಲಿ ಏನಿದೆ ಅಂತ ಗೊತ್ತಾಗಬೇಕಾದರೆ ಮೊದಲು ಪಾಸು ಮಾಡಬೇಕು ಅಂತ.

ನನ್ನದು ಸ್ವಂತ ಕನ್ಸಲ್ಟಿಂಗ್. ಆದಾಯ ಬಡತನ ರೇಖೆಯ 400%, ಅಂದರೆ ನಾಲ್ಕು ಪಟ್ಟು, ದಾಟಿದರೆ ಒಂದು ಪೈಸೆ ಸಬ್ಸಿಡಿ ಇಲ್ಲ ಅಂತ ಬರೆದಿಟ್ಟರು. ಗೆರೆಯಿಂದ ಒಂದು ಡಾಲರ್ ಮೇಲೆ ಹೋದರೆ ಪೂರ್ತಿ ಕಂತು ನಮ್ಮ ತಲೆ ಮೇಲೆ. ಕೆಲಸದ ಕಡೆಯಿಂದ ವಿಮೆ ಇರುವವರಿಗೆ ಇದು ಅರ್ಥ ಆಗುವುದಿಲ್ಲ. ನನಗೂ ಮನೆಯವಳಿಗೂ ಸೇರಿ ಮನೆ ಸಾಲದ ಕಂತಿಗಿಂತ ಜಾಸ್ತಿ ಕಟ್ಟಿದ್ದೇನೆ. ಡಿಸೆಂಬರ್‌ನಲ್ಲಿ ಕ್ಲೈಂಟ್‌ಗೆ ಬಿಲ್ ಈಗ ಬೇಡ, ಜನವರಿಗೆ ಕಳಿಸುತ್ತೇನೆ ಅಂದಿದ್ದೂ ಇದೆ, ಆದಾಯ ಗೆರೆ ದಾಟದಿರಲಿ ಅಂತ.

ವಿರೋಧ ಮಾಡಿದವರೆಲ್ಲ ದಡ್ಡರು ಅನ್ನುವ ಧಾಟಿ ಬೇಡ ಅಂತ ನನ್ನ ವಿನಂತಿ.

ಕೋಲಾರ_ವಕೀಲ

ತಮ್ಮಯ್ಯನವರೇ, ಪ್ಲಾನ್ ಮಾತು, ವೆಬ್‌ಸೈಟ್ ಎರಡರಲ್ಲೂ ನೀವು ಹೇಳಿದ್ದಕ್ಕೆ ಎದುರು ಮಾತಿಲ್ಲ. ಪೆಲೋಸಿ ಮಾತು ಮಾತ್ರ ಅರ್ಧಕ್ಕೆ ಕತ್ತರಿಸಿದಿರಿ. ಈ ವಿವಾದದ ಮಂಜು ಸರಿದ ಮೇಲೆ ಅದರಲ್ಲಿ ಏನಿದೆ ಅಂತ ನಿಮಗೆ ಕಾಣುತ್ತದೆ ಅನ್ನುವ ಅರ್ಥದಲ್ಲಿ ಅವರು ಹೇಳಿದ್ದು. ಆದರೂ ರಾಜಕಾರಣಿ ಆಡಬಾರದ ಮಾತು, ಒಪ್ಪುತ್ತೇನೆ.

400% ಗೆರೆ ಇದ್ದಿದ್ದೂ ಅದೇ ಚೌಕಾಸಿಯ ಫಲ. ಒಟ್ಟು ಖರ್ಚು ಇಷ್ಟು ದಾಟಬಾರದು ಅಂತ ಸೆನೆಟ್‌ನ ನಡುಪಂಥದವರು ಪಟ್ಟು ಹಿಡಿದಿದ್ದರು. ಎರಡು ಮನೆಯವರು ಕೂತು ತಿದ್ದದೆ ಇದ್ದಿದ್ದರ ಫಲ ಇನ್ನೂ ಇದೆ. ಸಬ್ಸಿಡಿ ಬಗ್ಗೆ ಒಂದು ಸಾಲು ಸಡಿಲವಾಗಿ ಬರೆದಿದ್ದಕ್ಕೆ ಕೇಸು 2015ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು, ಸಬ್ಸಿಡಿ 6-3ರಲ್ಲಿ ಉಳಿಯಿತು.

ಅದಕ್ಕೂ ದೊಡ್ಡ ಗಂಡಾಂತರ 2012ರ ಜೂನ್ 28ರದ್ದು. 5-4ರಲ್ಲಿ ಕಾನೂನು ಉಳಿಯಿತು. ಬುಷ್ ನೇಮಿಸಿದ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ವಿಮೆ ಕೊಳ್ಳದವರಿಗೆ ಹಾಕುವ ದಂಡವನ್ನು ತೆರಿಗೆ ಅಂತ ಪರಿಗಣಿಸಿ ಉಳಿಸಿದರು. ಆದರೆ ಮೆಡಿಕೇಡ್ ವಿಸ್ತರಣೆ ರಾಜ್ಯಗಳ ಇಷ್ಟಕ್ಕೆ ಬಿಟ್ಟಿದ್ದು ಅಂದರು. ನಿಮ್ಮ ಟೆಕ್ಸಾಸ್ ಇವತ್ತಿಗೂ ಮಾಡಿಲ್ಲ. ಅದರಿಂದ ಒಂದು ವಿಚಿತ್ರ ಆಗಿದೆ. ಬಡತನ ರೇಖೆಗಿಂತ ಕೆಳಗಿನವರಿಗೆ ಮೆಡಿಕೇಡ್ ಇರುತ್ತದೆ ಅಂದುಕೊಂಡು ಅವರಿಗೆ ಸಬ್ಸಿಡಿ ಇಟ್ಟಿರಲಿಲ್ಲ. ವಿಸ್ತರಣೆ ಮಾಡದ ರಾಜ್ಯದಲ್ಲಿ ಮಕ್ಕಳಿಲ್ಲದ ಬಡವರಿಗೆ ಅದೂ ಇಲ್ಲ, ಇದೂ ಇಲ್ಲ. ಸ್ವಲ್ಪ ಜಾಸ್ತಿ ದುಡಿಯುವವರಿಗೆ ಸಬ್ಸಿಡಿ ಇದೆ.

ಎಡಿಸನ್_ಸುಮಾ

ನಾನು ರಾಜಕೀಯ ಜಾಸ್ತಿ ಓದಿದವಳಲ್ಲ. ಆದರೆ ಈ ಕಾನೂನಿನಿಂದ ನಮ್ಮಂಥ ಮನೆಗಳಿಗೆ ಏನಾಯ್ತು ಅಂತ ಹೇಳಬೇಕು ಅನಿಸಿತು.

ಅಪ್ಪ ಅಮ್ಮ ಮೊದಲು ವಿಸಿಟರ್ ವೀಸಾದಲ್ಲಿ ಬರುತ್ತಿದ್ದರು. ಪ್ರವಾಸಿ ವಿಮೆ ತೆಗೆದುಕೊಂಡಿದ್ದೆವು. ಅಪ್ಪನಿಗೆ ಎದೆನೋವು ಬಂದು ಎಮರ್ಜೆನ್ಸಿಗೆ ಹೋದೆವು. ಪುಣ್ಯಕ್ಕೆ ಹೃದಯದ್ದಲ್ಲ. ಆದರೆ ಬಿಪಿ ಮೊದಲೇ ಇತ್ತು, ಇದು ಹಳೇ ಕಾಯಿಲೆಗೆ ಸೇರಿದ್ದು ಅಂತ ಆ ಕಂಪನಿ ಒಂದು ಡಾಲರ್ ಕೊಡಲಿಲ್ಲ. ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ಫೋನ್ ಮಾಡಿ ಮಾಡಿ ಕಂತು ಕಟ್ಟುವ ಹಾಗೆ ಮಾಡಿಕೊಂಡೆವು.

ಆಮೇಲೆ ಅವರಿಗೆ ಗ್ರೀನ್ ಕಾರ್ಡ್ ಆಯಿತು. ಇಬ್ಬರಿಗೂ 65 ದಾಟಿತ್ತು. ಮೆಡಿಕೇರ್‌ಗೆ ಐದು ವರ್ಷ ಇಲ್ಲಿ ವಾಸ ಇರಬೇಕು. ಈ ಕಾನೂನು ಬರುವ ಮುಂಚೆ ಶುಗರ್, ಬಿಪಿ ಇರುವ ವಯಸ್ಸಾದವರಿಗೆ ಹೆಚ್ಚಿನ ಕಡೆ ವಿಮೆ ಸಿಗುವುದೇ ಕಷ್ಟವಾಗಿತ್ತು. 2014ರಿಂದ ಮಾರ್ಕೆಟ್‌ಪ್ಲೇಸ್‌ನಲ್ಲಿ ತೆಗೆದುಕೊಳ್ಳಬಹುದಾಯಿತು. ಕಾಯಿಲೆ ಕೇಳುವ ಹಾಗಿಲ್ಲ. ಅಮ್ಮನ ಮಂಡಿ ಆಪರೇಷನ್ ಆಗಿದ್ದು ಆ ವಿಮೆಯಲ್ಲೇ. ವಿಸಿಟರ್ ವೀಸಾದವರಿಗೆ ಮಾತ್ರ ಇದು ಸಿಗುವುದಿಲ್ಲ, ಇಲ್ಲೇ ವಾಸ ಇರುವವರಿಗೆ ಮಾತ್ರ.

ಹೊಸದಾಗಿ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಗಮನಿಸಿ: 2025ರ ಜುಲೈನಲ್ಲಿ ಬಂದ ಕಾನೂನಿನಿಂದ ಸಬ್ಸಿಡಿ ನಿಯಮ ಬದಲಾಗಿದೆ. ಗ್ರೀನ್ ಕಾರ್ಡ್ ಇದ್ದೂ ಆದಾಯ ಬಡತನ ರೇಖೆಗಿಂತ ಕಡಿಮೆ ಇರುವ ಹೊಸಬರಿಗೆ 2026ರಿಂದ ಸಹಾಯ ಇಲ್ಲ. 2027ರಿಂದ ಎಚ್-1ಬಿಯಂಥ ವೀಸಾದವರಿಗೂ ಇಲ್ಲ.

ಮಂಡ್ಯ_ಗೌಡ್ರು

ಸುಮಾ ತಂಗಿ, ಒಳ್ಳೇ ಮಾಹಿತಿ ಕೊಟ್ಟೆ.

ನಮ್ಮ ಜಿಲ್ಲೆ ಹೆಸರು ಯಾರೂ ಎತ್ತಲಿಲ್ಲ, ಅದಕ್ಕೆ ನಾನೇ ಎತ್ತುತ್ತೇನೆ. ಅಮೆರಿಕದ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ದೊಡ್ಡ ಹುದ್ದೆ) ಆಗಿದ್ದ ಡಾ. ವಿವೇಕ್ ಮೂರ್ತಿ ಅವರ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. 2008ರಲ್ಲಿ ಒಬಾಮಾ ಪರ ಡಾಕ್ಟರುಗಳ ಗುಂಪು ಕಟ್ಟಿದವರಲ್ಲಿ ಅವರೊಬ್ಬರು. ಮುಂದೆ ಅದೇ ಡಾಕ್ಟರ್ಸ್ ಫಾರ್ ಅಮೆರಿಕ ಆಗಿ ಈ ಕಾನೂನಿನ ಪರ ಓಡಾಡಿತು. ಆಗ ಅವರಿಗೆ ಮೂವತ್ತರ ಆಸುಪಾಸು. ಮುಂದೆ ಸರ್ಜನ್ ಜನರಲ್ ಹುದ್ದೆಗೆ ಹೆಸರು ಬಂದಾಗ, ಬಂದೂಕು ಕೂಡ ಆರೋಗ್ಯದ ಸಮಸ್ಯೆ ಅಂದಿದ್ದಕ್ಕೆ ಬಂದೂಕು ಲಾಬಿ ಅಡ್ಡ ಹಾಕಿ ವರ್ಷಕ್ಕೂ ಹೆಚ್ಚು ಕಾಯಿಸಿತು. 2014ರ ಡಿಸೆಂಬರ್‌ನಲ್ಲಿ 51-43ರಲ್ಲಿ ಪಾಸಾಯಿತು.

ಗ್ರಂಥಾಲಯ_ಗಿರಿಜಾ

ಈ ಕಾನೂನಿಗೆ ಓಟು ಹಾಕಿದವರ ಗತಿ ಏನಾಯ್ತು ಅಂತ ಯಾರೂ ಹೇಳಲಿಲ್ಲ. 2010ರ ನವೆಂಬರ್‌ನಲ್ಲಿ ಡೆಮಾಕ್ರಟರು ಹೌಸ್‌ನಲ್ಲಿ 63 ಸೀಟು ಕಳೆದುಕೊಂಡರು. ಪೆಲೋಸಿ ಸ್ಪೀಕರ್ ಕುರ್ಚಿ ಹೋಯಿತು. ಸೀಟು ಹೋಗುತ್ತದೆ ಅಂತ ಗೊತ್ತಿದ್ದೇ ಹಲವರು ಓಟು ಹಾಕಿದ್ದರು. ಎದುರು ಓಟು ಹಾಕಿದ ಡೆಮಾಕ್ರಟರಲ್ಲೂ ಅರ್ಧದಷ್ಟು ಜನ ಸೋತರು ಅನ್ನಿ, ಅದು ಬೇರೆ ಮಾತು.

2017ರಲ್ಲಿ ಟ್ರಂಪ್ ಬಂದ ಮೇಲೆ ರದ್ದು ಮಾಡಲು ಹೊರಟರು. ಹೌಸ್‌ನಲ್ಲಿ 217-213ರಲ್ಲಿ ಪಾಸಾಯಿತು. ಈ ಸಲ ಸಭೆಗಳಲ್ಲಿ ಕೂಗಿದವರು ವಿಮೆ ಕಳೆದುಕೊಳ್ಳುವ ಭಯದವರು. ಸೆನೆಟ್‌ನಲ್ಲಿ ಜುಲೈ 28ರ ನಡುರಾತ್ರಿ ದಾಟಿದ ಮೇಲೆ ಮತ. ಅದೇ ರೀಕನ್ಸಿಲಿಯೇಷನ್ ದಾರಿ. ರಿಪಬ್ಲಿಕನ್ನರೇ ಆದ ಸೂಸನ್ ಕಾಲಿನ್ಸ್, ಲೀಸಾ ಮುರ್ಕಾವ್‌ಸ್ಕಿ ಮೊದಲೇ ಒಲ್ಲೆ ಅಂದಿದ್ದರು. ಜಾನ್ ಮೆಕೇನ್, ಮೆದುಳಿನ ಕ್ಯಾನ್ಸರ್ ಅಂತ ಅದೇ ತಿಂಗಳು ಗೊತ್ತಾಗಿತ್ತು, ಮುಂದೆ ಬಂದು ಕೈ ಚಾಚಿ ಹೆಬ್ಬೆರಳು ಕೆಳಗೆ ಮಾಡಿದರು. 49-51. ಕೆನಡಿಗೂ ಅದೇ ಕಾಯಿಲೆ.

ಶಿವಮೊಗ್ಗ_ಟು_ಶಿಕಾಗೋ

ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಇನ್ನೊಂದೇ ಪ್ರಶ್ನೆ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಬಂದ್ ಆಯಿತಲ್ಲ, ಅದೂ ಇದೇ ಜಗಳವಾ?

ಕೋಲಾರ_ವಕೀಲ

ಅದೇ. 2021ರಲ್ಲಿ ಬೈಡನ್ ಕಾಲದಲ್ಲಿ ಸಬ್ಸಿಡಿ ಹೆಚ್ಚಿಸಿ, ತಮ್ಮಯ್ಯನವರು ಬೈದ 400% ಗೆರೆಯನ್ನೂ ತೆಗೆದಿದ್ದರು. ಆದರೆ ತಾತ್ಕಾಲಿಕ, 2025ರ ಕೊನೆ ತನಕ ಮಾತ್ರ. ಅದನ್ನು ಮುಂದುವರಿಸಿ ಅಂತ ಡೆಮಾಕ್ರಟರು ಹಠ ಹಿಡಿದರು. ಸೆನೆಟ್‌ನಲ್ಲಿ ರಿಪಬ್ಲಿಕನ್ನರು 53, ಬಜೆಟ್ ಪಾಸು ಮಾಡಲು 60 ಬೇಕು. 2009ರಲ್ಲಿ ತಮ್ಮ ಕೊರಳಿಗೆ ಬಿಗಿದಿದ್ದ ಉರುಳನ್ನೇ ಈ ಸಲ ಇವರು ಹಿಡಿದು ಎಳೆದರು. 43 ದಿನ ಸರ್ಕಾರ ಬಂದ್. ಕೊನೆಗೆ ಅವರ ಕಡೆಯ ಎಂಟು ಜನ ಆ ಕಡೆ ಸೇರಿ 60-40ರಲ್ಲಿ ಬಜೆಟ್ ಪಾಸಾಯಿತು. ಸಬ್ಸಿಡಿ ಡಿಸೆಂಬರ್ 31ಕ್ಕೆ ಮುಗಿಯಿತು.

ಟೆಕ್ಸಾಸ್_ತಮ್ಮಯ್ಯ

ಅಂದರೆ 400% ಗೆರೆ ವಾಪಸ್. ಡಿಸೆಂಬರ್ ಬಿಲ್ಲು ಮತ್ತೆ ಜನವರಿಗೆ. ಈ ಸಲ ಅದನ್ನು ಬೈಯಲು ಡೆಮಾಕ್ರಟರೂ ನನ್ನ ಜೊತೆ ಇದ್ದಾರೆ, ಅದೊಂದು ಹೊಸದು. ಆ ಗೆರೆ ಮೊದಲು ಎಳೆದವರು ಯಾರು ಅಂತ ಕೇಳಿದರೆ ಮಾತ್ರ ಎಲ್ಲರೂ ಆಕಾಶ ನೋಡುತ್ತಾರೆ.